ಜಾರದ ಬ್ಯಾಗು

೧೨ ನವೆಂಬರ್, ಬುಧವಾರ

ಸೊಂಟಕ್ಕೆ ಕಟ್ಟುವ ಕ್ಯಾಮೆರಾ ಬ್ಯಾಗು ಕೊನೆಗೂ ಸಿಕ್ಕಿತು. ಗೋಕಾಕದ ಅಂಗಡಿಯಲ್ಲಿ ಒಂದೊಂದನ್ನೂ ಕಟ್ಟಿಕೊಂಡು ಕೂತೆ, ಬಗ್ಗಿದೆ, ಎದ್ದೆ. ಅಂಗಡಿಯವನು ನಕ್ಕ. ನಗಲಿ. ಇದರ ಪಟ್ಟಿ ಅಗಲವಾಗಿದೆ, ಹೊಟ್ಟೆ ಒತ್ತುವುದಿಲ್ಲ. ಎಷ್ಟು ಬಗ್ಗಿದರೂ ಜಾರುವುದಿಲ್ಲ.

ಕಲ್ಲೋಳಿಯ ಮದುವೆಯಲ್ಲಿ ನನ್ನ ಹೆಗಲ ಚೀಲ ಜಾರಿ ಶರಬತ್ತಿನ ತಟ್ಟೆ ಉರುಳಿದಾಗ ನನ್ನನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುವ ವಿಡಿಯೋದ ಇಲಿಯಾಸ ಮೈಕಿನಲ್ಲೇ ಕೇಳಿದ್ದ: "ಆಪಾ, ಫೋಟೋ ತಗ್ಯಾಕ ಬಂದೀರೋ, ಚೀಲ ಹೊರಾಕ ಬಂದೀರೋ?" ಇಡೀ ಪೆಂಡಾಲು ನಕ್ಕಿತು. ಆ ನಗು ಇನ್ನೂ ಕಿವಿಯಲ್ಲಿದೆ.

ಇವತ್ತು ಅವನದೇ ಫೋನು. "ತಂಗಿ ಮದವಿ ಐತ್ರಿ ಆಪಾ. ಹೆಂಗಸರ ಕಡೆ ಗಂಡಸರನ್ನ ಬಿಡೂದಿಲ್ಲ. ಫೋಟೋಕ್ಕ ನೀವೇ ಬರಬೇಕ್ರಿ."

"ಬರ್ತೇನಿ ಬಿಡಪಾ," ಎಂದೆ. ದನಿಯಲ್ಲಿ ಬೆಣ್ಣೆ.

ಹೋಗುತ್ತೇನೆ. ಮದುಮಗಳ ಮೆಹಂದಿ, ತಾಯಿಯ ಅಳು, ಒಂದನ್ನೂ ಬಿಡದೆ ತೆಗೆಯುತ್ತೇನೆ. ಕೆಲಸದಲ್ಲಿ ಅವನಿಗೆ ಒಂದು ತಪ್ಪೂ ಸಿಗಬಾರದು. ಆದರೆ ಹಳೆ ಚೀಲವನ್ನೂ ಒಯ್ಯುತ್ತೇನೆ, ಬೇಡದ ಸಾಮಾನೆಲ್ಲ ತುಂಬಿ. ಒಳಗೆ ಹೋಗುವ ಮುಂಚೆ ಎಲ್ಲರೆದುರು ಅವನ ಹೆಗಲಿಗೆ ಹಾಕಿ, "ಸ್ವಲ್ಪ ಹಿಡ್ಕೋ ತಮ್ಮಾ" ಎನ್ನುತ್ತೇನೆ. ತಂಗಿಯ ಮದುವೆ, ಇಲ್ಲ ಎನ್ನಲಾರ.

ಆಲ್ಬಮ್ಮಿನಲ್ಲಿ ಅಣ್ಣನದು ಒಂದೇ ಫೋಟೋ ಇರುತ್ತದೆ: ಹೆಂಗಸರ ಕಡೆಯ ಪರದೆಯ ಹೊರಗೆ, ಚೀಲ ಹೊತ್ತುಕೊಂಡು.