ಕೆರೆಗೋಡಿನ ಕೆಳಗಿನ ಹಳದಿ ಮಣ್ಣು

ದೊಡ್ಡಿಗಾನಹಳ್ಳಿ, ಗೂಡಿನ ಮಾರುಕಟ್ಟೆ ಬಯಲು,
ಕ್ರಿಸ್ತಶಕ ೨೧೮೪, ಫೆಬ್ರವರಿ ಮೂವತ್ತು.

ದೊಡ್ಡಿಗಾನಹಳ್ಳಿ ಮಹಿಳಾ ಸಂಘದ ಅಧ್ಯಕ್ಷರಾದ ಶ್ರೀಮತಿ ಮುನಿರತ್ನಮ್ಮನವರ ಸನ್ನಿಧಿಗೆ, ತಮ್ಮ ಮಗಳ ಮರಿಮಗನೂ ಈ ಬಯಲಿನ ಮಣ್ಣುಸಾಕ್ಷಿಯೂ ಆದ ತಿರುಮಳಪ್ಪನು ಕೈಮುಗಿದು ಮಾಡಿಕೊಳ್ಳುವ ಬಿನ್ನಹ.

ಈ ತಾರೀಖು ತಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಮಾತು ವಿಚಿತ್ರವಾಗಿ ಕಂಡರೆ ಮನ್ನಿಸಬೇಕು. ತಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಪಂಚಾಯಿತಿ ಕಪಾಟಿನಲ್ಲಿ ಉಳಿದಿದ್ದ ಹಳೆಯ ಅರ್ಜಿಗಳನ್ನು ಪ್ರತಿ ಮಾಡುತ್ತ. ತಾವಿನ್ನೂ ಮೂವತ್ತನಾಲ್ಕರವರು, ನಾನು ಎಂಬತ್ತರವನು. ಆದರೂ ಸಂಬಂಧದಲ್ಲಿ ತಾವು ನನ್ನ ಮುತ್ತಜ್ಜಿಯ ತಾಯಿಯಾದ್ದರಿಂದ ಅಡ್ಡಬಿದ್ದೇ ಬರೆಯುತ್ತಿದ್ದೇನೆ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದಕ್ಕೆ ಅವಕಾಶ. ಹೆಂಡತಿ ತೀರಿಕೊಂಡಾಗಲೂ ನನ್ನದನ್ನು ಬಳಸದೆ ಉಳಿಸಿಕೊಂಡಿದ್ದೆ.

ನಲ್ಲಿಗಳಿಗೆ ಹೊಳಪು ಲೇಪಿಸುತ್ತಿದ್ದು ತಮ್ಮ ಕಾಲದಲ್ಲೇ ಮುಚ್ಚಿಹೋದ ತಮ್ಮೂರ ಕಾರ್ಖಾನೆಯ ಬಯಲಿನಿಂದಲೇ ಇಂದು ಮುನ್ನೂರು ಮನೆಗಳ ಒಲೆ ಉರಿಯುತ್ತಿದೆ. ಬೆಳಗಾಗುತ್ತಲೇ ರೇಷ್ಮೆಯ ಹುಳುಮನೆಗಳ ಚಾವಣಿ ಗಾಳಿಗೆ ತೆರೆದುಕೊಳ್ಳುತ್ತದೆ. ಹಿಪ್ಪುನೇರಳೆಯ ನಾರಿನಿಂದ ನೇಯ್ದ ಆ ಚಾವಣಿ ಬಿಸಿಲೇರಿದಂತೆ ತಾನೇ ದಪ್ಪವಾಗಿ ಹುಳುಗಳಿಗೆ ನೆರಳು ಕೊಡುತ್ತದೆ. ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗೆ ಇಂದಿಗೂ ಚಂದ್ರಿಕೆಯೆಂದೇ ಹೆಸರು. ಹೆಂಗಸರು ಬಯಲಿನ ಬಾವಿನೀರು ಕಾಯಿಸಿ, ಅದರಲ್ಲಿ ಗೂಡು ಬೇಯಿಸಿ, ನೂಲು ಬಿಚ್ಚುತ್ತಾರೆ. ಹತ್ತು ಊರಿನವರು ಇಲ್ಲಿಗೇ ಗೂಡು ತರುತ್ತಾರೆ. ಮಣ್ಣುಸಾಕ್ಷಿ ಎಂದರೆ ವರ್ಷಕ್ಕೊಮ್ಮೆ ಈ ಬಯಲಿನ ಮಣ್ಣನ್ನು ಪರೀಕ್ಷೆ ಮಾಡಿಸಿ, ಅದು ಶುದ್ಧವೆಂದು ಊರ ಮುಂದೆ ಕಟ್ಟೆಯ ಮೇಲೆ ನಿಂತು ಹೇಳುವವನು. ಮಣ್ಣು ಶುದ್ಧವಾದರೆ ನೀರೂ ಶುದ್ಧವೆಂಬುದು ನಮ್ಮ ನಿಯಮ. ನಲವತ್ತೊಂದು ವರ್ಷ ನಾನು ಹಾಗೆ ಹೇಳಿದ್ದೇನೆ. ನನ್ನಷ್ಟು ದೀರ್ಘಕಾಲ ಆ ಕಟ್ಟೆಯ ಮೇಲೆ ನಿಂತವರು ಸುತ್ತಮುತ್ತ ಮತ್ತೊಬ್ಬರಿಲ್ಲ.

ಪರೀಕ್ಷೆಯ ಹಿಂದಿನ ದಿನ ನಮ್ಮಲ್ಲಿ ಗೋಡಿನ ಹಬ್ಬ. ಊರವರೆಲ್ಲ ಕೆರೆಯ ಹೂಳನ್ನು, ತಾವೂ ನಾವೂ ಕೆರೆಗೋಡು ಎನ್ನುವ ಆ ಕಪ್ಪು ಮಣ್ಣನ್ನು, ಬುಟ್ಟಿಯಲ್ಲಿ ಹೊತ್ತು ತಂದು ಬಯಲಿಗೆ ಚೆಲ್ಲಿ, ರಂಗೋಲಿ ಬಿಡುತ್ತೇವೆ. ಇದನ್ನು ಪ್ರಾರಂಭಿಸಿದವರು ತಾವು. ಬಯಲು ಮಾರುಕಟ್ಟೆಗೆ ತಕ್ಕುದೇ ಎಂಬ ಪರೀಕ್ಷೆಗೆ ಅಧಿಕಾರಿಗಳು ಮೊದಲ ಸಲ ಬರುವ ಮುನ್ನಾದಿನ ತಾವು ಮೊಳದಷ್ಟು ದಪ್ಪ ಗೋಡು ಚೆಲ್ಲಿಸಿದ್ದು ವಿಡಿಯೊದಲ್ಲಿ ಉಳಿದಿದೆ. ಪ್ರತಿ ಹಬ್ಬಕ್ಕೂ ಹಾಕಿ ನೋಡುತ್ತೇವೆ. ಅದರಲ್ಲಿ ತಾವು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗುತ್ತೀರಿ: “ಬೆಂಗ್ಳೂರಿಂದ ಸಾಹೇಬ್ರು ಬತ್ತಾವ್ರೆ, ಈ ಹೊಲಸು ತೋರ್ಸಾಕಾಯ್ತದೇನ್ರೇ? ಗೋಡು ಚೆಲ್ರೇ, ರಂಗೋಲಿ ಬಿಡ್ರೇ, ಊರ್ ಮಾನ ಹೋಯ್ತದೆ!” ಯಾರೋ ಹಿಂದಿನಿಂದ, “ಏನ್ ರತ್ನಕ್ಕಾ, ಸಾಹೇಬ್ರಿಗೆ ಹೆಣ್ ತೋರಿಸ್ತಿದ್ದೀಯೇನೇ?” ಎಂದು ನಗಾಡುತ್ತಾರೆ. ಆ ಮಾತಿಗೆ ನಾವೂ ನೂರಾರು ಸಲ ನಕ್ಕಿದ್ದೇವೆ.

ಮೊನ್ನೆ ನನ್ನ ಮೊಮ್ಮಗಳು ಸಂಪಂಗಿ ಹೊಸ ಹುಳುಮನೆಗೆ ಕಂಬ ನೆಡಲು ಆಳೆತ್ತರದ ಗುಂಡಿ ತೋಡಿಸಿದಳು. ಎರಡು ಮೊಳದ ಕೆಳಗೆ ಕಪ್ಪು ಮಣ್ಣು ಮುಗಿದು ಹಳದಿ ಮಣ್ಣು ಬಂತು, ಅರಿಸಿನ ಕಲಸಿದಂಥ ಹಳದಿ. ತಳದಲ್ಲಿ ಒಸರಿ ನಿಂತ ನೀರೂ ಹಳದಿ. ನಮ್ಮ ಪರೀಕ್ಷೆಯ ಕೊಳವೆ ನೆಲಕ್ಕಿಳಿಯುವುದು ಒಂದೇ ಗೇಣು. ತಮ್ಮ ಕಾಲದ ಸಾಹೇಬರದೂ ಅಷ್ಟೇ ಇಳಿದಿತ್ತೆಂದು ದಾಖಲೆ ಹೇಳುತ್ತದೆ. ಸಂಪಂಗಿ ಗುಂಡಿಯೊಳಗಿಂದ ತಲೆಯೆತ್ತಿ ಕೇಳಿದಳು: “ತಾತಾ, ವರ್ಷಾ ವರ್ಷಾ ಚೆನ್ನಾಗೈತೆ ಚೆನ್ನಾಗೈತೆ ಅಂತಿದ್ಯಲ್ಲಾ, ಯಾವ್ ಮಣ್ ನೋಡ್ದೆ ನೀನು?”

“ಕೆರೆ ಮಣ್ಣಮ್ಮಾ” ಎಂದೆ.

ಅವಳನ್ನು ಮೇಲೆತ್ತಲು ಕೈಹಿಡಿದಾಗ ಬೆರಳ ಸಂದಿಯ ಹುಣ್ಣು ನನ್ನ ಅಂಗೈಗೆ ತಗುಲಿತು. ಗೂಡು ಬೇಯಿಸುವ ನಮ್ಮ ಹೆಂಗಸರಿಗೆಲ್ಲ ಮೊಳೆ ಹೊಡೆದು ಕಿತ್ತಂಥ ಆ ತೂತು ಇರುತ್ತದೆ. ಬಿಸಿನೀರ ಹುಣ್ಣು ಎಂದು ನಾವು ಹೆಸರಿಟ್ಟಿದ್ದೆವು. ಕೆಲಸಗಾರ್ತಿಯ ಗುರುತೆಂದು ಹೊಗಳುತ್ತಿದ್ದೆವು. ಹೆಣ್ಣು ನೋಡಲು ಹೋದವರು ಮೊದಲು ಕೈ ನೋಡುತ್ತಿದ್ದರು. ನನ್ನ ಹೆಂಡತಿಯನ್ನು ನಾನು ಒಪ್ಪಿದ್ದೂ ಹಾಗೆಯೇ. ಆ ಗುಂಡಿಯ ನೀರನ್ನೂ ಬಾವಿಯ ನೀರನ್ನೂ ಅಂದೇ ಪರೀಕ್ಷೆ ಮಾಡಿಸಿದೆ. ಎರಡರಲ್ಲಿಯೂ ಕಾರ್ಖಾನೆಯ ಲೇಪದ ವಿಷವಿತ್ತು.

ತಮ್ಮನ್ನು ದೂರಲು ಇದನ್ನು ಬರೆಯುತ್ತಿಲ್ಲ. ನೆಂಟರು ಬರುವ ಮೊದಲು ಅಂಗಳ ಸಾರಿಸುವುದು ನಮ್ಮ ಹುಟ್ಟುಗುಣ. ಆದರೆ ಬಂದವರು ನೆಂಟರಲ್ಲ, ಮಣ್ಣಿನ ವೈದ್ಯರು. ವೈದ್ಯರ ಮುಂದೆ ಹುಣ್ಣಿಗೆ ಗಂಧ ಹಚ್ಚಿಕೊಂಡು ಕುಳಿತಂತಾಯಿತು. ತಮಗೆ ಇದಿನ್ನೂ ನಡೆದಿಲ್ಲ, ಸಾಹೇಬರು ತಮ್ಮಲ್ಲಿಗೆ ಬರುವುದು ಈ ಸೋಮವಾರ. ದಯಮಾಡಿ ಗೋಡು ಚೆಲ್ಲಿಸಬೇಡಿ. ಲೇಪದ ತೊಟ್ಟಿಗಳಿದ್ದ ಮೂಲೆಗೆ, ಎಕ್ಕದ ಗಿಡವೂ ಏಳದ ಜಾಗಕ್ಕೆ ಅವರನ್ನು ಕರೆದೊಯ್ದು, ಆಳೆತ್ತರ ಅಗೆಸಿ. ಬಾವಿಯ ನೀರನ್ನೂ ಕೊಟ್ಟು ಕಳುಹಿಸಿ. ಕೆಟ್ಟ ಮಣ್ಣು ತೆಗೆದು, ನೀರು ತೊಳೆದು ಮುಗಿಯುವ ಹೊತ್ತಿಗೆ ಮಾರುಕಟ್ಟೆ ಎಂಟು ಹತ್ತು ವರ್ಷ ತಡವಾದೀತು. ಕೆಲಸಕ್ಕೆ ಕಾದಿರುವ ಹೆಂಗಸರು ತಮ್ಮನ್ನು ಬೈದಾರು. ಬೈಸಿಕೊಳ್ಳಿ, ತಾಯಿ. ಆಮೇಲೆ ಅದೇ ಬಯಲು ಅವರ ಮಕ್ಕಳ ಕೈ ಕೊರೆಯದೆ ಅನ್ನ ಕೊಟ್ಟೀತು.

ಈ ಕಾಗದದಿಂದ ನಮ್ಮ ಬದುಕು ಬದಲಾಗುವುದೋ ಇಲ್ಲವೋ ಬಲ್ಲವರಿಲ್ಲ. ಆದ್ದರಿಂದ ನನ್ನ ಪಾಲಿನದನ್ನು ನಾನು ಮಾಡಲೇಬೇಕು. ಇಂದು ಗೋಡಿನ ಹಬ್ಬ. ಹೊರಗೆ ಜನ ಬುಟ್ಟಿ ಹಿಡಿದು ನಿಂತಿದ್ದಾರೆ. ಮೊದಲ ಬುಟ್ಟಿ ನನ್ನದು. ಸಂಪಂಗಿ ಬಾಗಿಲಲ್ಲಿ ನಿಂತು, “ಏಳ್ ತಾತಾ, ಎಷ್ಟೊತ್ತು ಬರೀತೀಯಾ? ನೀನ್ ಹೇಳ್ತೀಯೋ, ನಾನೇ ಹೇಳ್ಲೋ?” ಎನ್ನುತ್ತಿದ್ದಾಳೆ. ನಾನೇ ಹೇಳುತ್ತೇನೆ. ಬುಟ್ಟಿ ಹೊರದೆ, ಆ ಗುಂಡಿಯ ಅಂಚಿನಲ್ಲಿ ಮುನ್ನೂರು ಮನೆಯವರ ಎದುರು ನಿಂತು, ಬಾವಿ ಮುಚ್ಚಿರೆಂದೂ ನಲವತ್ತೊಂದು ವರ್ಷದ ನನ್ನ ಸಾಕ್ಷಿ ಸುಳ್ಳೆಂದೂ ಹೇಳಬೇಕು. ತಾವು ಹೇಳಬೇಕಾದುದು ಅದಕ್ಕಿಂತ ಬಹಳ ಚಿಕ್ಕದು. ಸೋಮವಾರ ಸಾಹೇಬರು ಜೀಪಿನಿಂದ ಇಳಿದ ಕೂಡಲೇ, “ಸ್ವಾಮಿ, ಕೆಟ್ಟಿರಾದು ಇಲ್ಲಿ, ಇಲ್ಲೇ ಅಗೀರಿ” ಎಂದಷ್ಟು ಹೇಳಿಬಿಡಿ.

ಇತಿ ತಮ್ಮ ಕುಡಿ,
ತಿರುಮಳಪ್ಪ