ನೀರಿನಲ್ಲಿಟ್ಟ ಗಾಲಿಗಳು

ಕಾರ್ಖಾನೆಯ ಹಿಂದಿನ ಮನೆ,
ಬುಧವಾರ, ಮಧ್ಯಾಹ್ನ

ಪ್ರೀತಿಯ ಸೊಸೆಗೆ ಅತ್ತೆಯ ಆಶೀರ್ವಾದ.

ನಿನ್ನ ತಾಯಿಯ ಜ್ವರ ಇಳಿಯಿತೆ? ಬೀಗಿತ್ತಿ ಔಷಧಿಯನ್ನು ಕುಡಿದಂತೆ ಮಾಡಿ ಕಿಟಕಿಯಿಂದ ಚೆಲ್ಲುತ್ತಾರೆ ಎಂದು ನೀನು ಬರೆದಿದ್ದೆ. ಎದುರಿಗೆ ನಿಂತು ಕುಡಿಸು, ಖಾಲಿ ಲೋಟ ನೋಡಿದ ಮೇಲೆಯೇ ಅಲ್ಲಿಂದ ಕದಲು. ಕಾಯಿಲೆಯವರ ಮುಂದೆ ದಾಕ್ಷಿಣ್ಯ ನಡೆಯುವುದಿಲ್ಲ. ಪುಟ್ಟಿ ಅಲ್ಲಿ ಹಟ ಮಾಡುತ್ತಾಳೆ ಎಂಬುದು ನನಗೇನೂ ಹೊಸದಲ್ಲ. ಆ ಹಟ ನಮ್ಮ ಕಡೆಯದು, ನಿಮ್ಮವರು ಬೇಸರಪಡಬೇಕಾಗಿಲ್ಲ. ನಾನು ಚೆನ್ನಾಗಿದ್ದೇನೆ. ಮಂಡಿನೋವಿನ ವಿಚಾರ ಮಾತ್ರ ಕೇಳಬೇಡ.

ವಿಶೇಷವೇನೆಂದರೆ, ನಿನ್ನ ಗಂಡ ಇವತ್ತು ಬೆಳಿಗ್ಗೆ ಹೊಸ ಮೋಟಾರಿನಲ್ಲಿ ನಿಮ್ಮೂರಿಗೆ ಹೊರಟಿದ್ದಾನೆ. ರಾತ್ರಿ ದಾರಿಯಲ್ಲಿ ಸ್ನೇಹಿತನ ಮನೆಯಲ್ಲಿ ತಂಗಿ ನಾಳೆ ಸಂಜೆಗೆ ಬಂದು ಸೇರುತ್ತಾನೆ. ಎರಡು ದಿನ ಇದ್ದು, ನಿನ್ನನ್ನೂ ಪುಟ್ಟಿಯನ್ನೂ ಪೆಟ್ಟಿಗೆಗಳನ್ನೂ ಹೇರಿಕೊಂಡು ಬೆಟ್ಟ ಇಳಿಯುತ್ತಾನೆ. ಮೋಟಾರು ಬೇಡ, ರೈಲಿನಲ್ಲೇ ಬರುತ್ತೇನೆ ಎಂದು ನೀನು ಬರೆದದ್ದನ್ನು ಓದಿದೆ, ಅವನಿಗೂ ಓದಿ ಹೇಳಿದೆ. ಅದು ಆಗುವ ಮಾತಲ್ಲ. ನಮ್ಮ ಅಂಗಳದಲ್ಲಿ ಯಾವ ಗಾಡಿ ತಯಾರಾದರೂ ಮೊದಲು ಅದರಲ್ಲಿ ಮನೆಯ ಹೆಂಗಸರು ಮಕ್ಕಳು ಕೂತು ದೂರ ಹೋಗಿಬರಬೇಕು, ಆಮೇಲೇ ಅದು ಕೊಂಡವರ ಕೈಗೆ. ಮಾಡಿದವನೇ ತನ್ನವರನ್ನು ಕೂರಿಸದಿದ್ದರೆ ಪರರು ಯಾವ ಧೈರ್ಯದ ಮೇಲೆ ಕೂರಬೇಕು ಎನ್ನುತ್ತಿದ್ದರು ನಮ್ಮ ಮಾವನವರು. ನಿನ್ನ ಗಂಡ ಕೈಗೂಸಾಗಿದ್ದಾಗ ಅವನನ್ನು ಮಡಿಲಲ್ಲಿಟ್ಟುಕೊಂಡು ಜೋಡಿಕುದುರೆಯ ಹೊಸ ಸಾರೋಟಿನಲ್ಲಿ ನಾನು ಅದೇ ಬೆಟ್ಟ ಇಳಿದಿದ್ದೇನೆ. ನೀನೂ ಇಳಿಯುತ್ತೀಯ.

ನಮ್ಮೂರಿಗೆ ಮೊದಲ ಮೋಟಾರು ಬಂದ ದಿನ ನೀನು ಹುಟ್ಟಿರಲಿಲ್ಲ. ತಿರುಗಿಸಲು ಈಗಿನ ಚಕ್ರದ ಜಾಗದಲ್ಲಿ ದೋಣಿಗಿರುವಂಥ ಒಂದು ಕೋಲು, ಹೊಟ್ಟೆಯ ಕೆಳಗೆ ಸರಪಳಿ, ಹಿಂದೆ ಕರಿಯ ಹೊಗೆ. ಬೀದಿಯ ಕುದುರೆಗಳು ಹಗ್ಗ ಹರಿದುಕೊಂಡು ಓಡಿದವು. ಮಾವನವರು ಅದನ್ನು ಸುತ್ತು ಹಾಕಿ ನೋಡಿ, “ಇದನ್ನ ಎಳೆಯೋರು ಯಾರಪ್ಪ?” ಎಂದು ಕೇಳಿದರು. ಓಡಿಸುವವನು ಹಿಂದಿನ ಗಾಲಿಗಳನ್ನು ತೋರಿಸಿದ. “ಹಾಗಾದ್ರೆ ಗಾಲೀನೇ ಕುದುರೆ ಅನ್ನು,” ಎಂದು ಮನೆಗೆ ಬಂದವರು ಆ ದಿನ ಊಟಕ್ಕೆ ಏಳಲಿಲ್ಲ. ಲಾಯ ಖಾಲಿಯಾಗುತ್ತದೆ ಎಂಬ ಚಿಂತೆ ಇರಬೇಕು ಎಂದು ನಾವೆಲ್ಲ ಅಂದುಕೊಂಡೆವು. ಚಿಂತೆ ಅದಲ್ಲವೇನೋ ಎಂದು ಈಚೆಗೆ ಅನ್ನಿಸುತ್ತಿದೆ. ಸಾರೋಟಿನ ಗಾಲಿ ಎಳೆದತ್ತ ಉರುಳಿದರೆ ಸಾಕು. ಮೋಟಾರಿನ ಗಾಲಿಯನ್ನು ಎಂಜಿನ್ನು ನಡುವೆ ಹಿಡಿದು ತಿರುಚುತ್ತದೆ, ನಿಲ್ಲಿಸುವಾಗ ಬ್ರೇಕು ಇನ್ನೊಂದು ಕಡೆಗೆ ತಿರುಚುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ.

ಊಟಕ್ಕೆ ಕೂತರೆ ನಿನ್ನ ಗಂಡನಿಗೆ ಮೋಟಾರಿನದೇ ಪುರಾಣ. ಎಲ್ಲೋ ದೂರದೇಶದಲ್ಲಿ ಫಿರಂಗಿ ಎಳೆಯುವುದಕ್ಕೆಂದು ಒಬ್ಬ ಮೂರು ಗಾಲಿಯ ಉಗಿಬಂಡಿ ಮಾಡಿದ್ದನಂತೆ. ಮೂತಿಗೆ ಹಂಡೆಯಂಥ ಬಾಯ್ಲರು, ಮನುಷ್ಯ ನಡೆದಷ್ಟೇ ವೇಗ. ಆದರೂ ತಿರುಗಿಸಲಾಗದೆ ಗೋಡೆಗೆ ಗುದ್ದಿತು ಎನ್ನುತ್ತಾರಂತೆ. ಬಹಳ ಕಾಲದ ಮೇಲೆ ಇನ್ನೊಬ್ಬ, ಎಣ್ಣೆಯ ಆವಿಯನ್ನು ಸಿಡಿಸಿ ಓಡಿಸುವ ಎಂಜಿನ್ನು ಕೂರಿಸಿ ಗಾಡಿ ಮಾಡಿದ. ಕೊಳ್ಳುವವರು ಮುಂದೆ ಬರಲಿಲ್ಲ. ಆಗ ಅವನ ಹೆಂಡತಿ, ಗಂಡ ಇನ್ನೂ ಎದ್ದಿರದಾಗಲೇ, ಗಂಡುಮಕ್ಕಳನ್ನು ಕೂರಿಸಿಕೊಂಡು ತವರಿಗೆ ಹೊರಟೇಬಿಟ್ಟಳಂತೆ. ಔಷಧದ ಅಂಗಡಿಯಲ್ಲಿ ಎಣ್ಣೆ ಕೊಂಡಳು. ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಬ್ರೇಕಿನ ಮರ ಸವೆದಾಗ ಚಪ್ಪಲಿ ಹೊಲಿಯುವವನಿಂದ ತೊಗಲು ಹೊಡೆಸಿದಳು. ಗಂಡನಿಗೆ ಹೇಳದೆ ತವರಿಗೆ ಹೋದವಳನ್ನು ನನ್ನ ಮಗ ಹೀಗೆ ಬಾಯಿತುಂಬ ಹೊಗಳುತ್ತಾನೆ. ಕೇಳಿ ಹೇಳಿ ಹೋದ ನಿನ್ನ ಮೇಲೆ ಮುಖ ಗಂಟು ಹಾಕಿದ್ದನಲ್ಲ, ಅದನ್ನು ಜ್ಞಾಪಿಸಿದೆ. ಸಾರು ಬಡಿಸು ಎಂದ. ಆ ಕಥೆಯಲ್ಲಿ ನನ್ನ ಕಿವಿಗೆ ಬಿದ್ದದ್ದೇ ಬೇರೆ. ಏರುವಾಗ ಮಕ್ಕಳು ಇಳಿದು ತಳ್ಳಿದರಂತೆ. ಇಳಿಯುವಾಗ ತಳ್ಳುವವರು ಬೇಕಿಲ್ಲ, ಹಿಡಿಯುವವರು ಬೇಕು.

ಈಗ ಕಾಲ ಎಲ್ಲಿಗೋ ಹೋಗಿದೆ. ದೊಡ್ಡ ಕಾರ್ಖಾನೆಗಳಲ್ಲಿ ಕೆಲಸದವರು ನಿಂತಲ್ಲೇ ನಿಂತಿರುತ್ತಾರೆ, ಗಾಡಿಯೇ ಅವರ ಮುಂದೆ ಹಾದು ಹೋಗುತ್ತದೆ. ಒಬ್ಬ ಬೋಲ್ಟು ತೂರಿಸಿದರೆ ಮುಂದಿನವನು ಬಿಗಿಯುತ್ತಾನೆ, ಅದರಲ್ಲಿ ಯಾರು ಕೂರುತ್ತಾರೋ ಇಬ್ಬರಿಗೂ ಗೊತ್ತಿಲ್ಲ. ಗಾಲಿಗಳೂ ಉಕ್ಕಿನ ತಗಡಿನವು. ನಮಗೆ ಎಂಜಿನ್ನು, ಚೌಕಟ್ಟು ತಂದುಕೊಟ್ಟ ಏಜೆಂಟು, ಉಕ್ಕಿನ ಗಾಲಿಗಳನ್ನೇ ಹಾಕಿಸಿ ಎಂದು ಗೋಗರೆದ. ನಿನ್ನ ಗಂಡ ನಕ್ಕುಬಿಟ್ಟ. “ಈ ಅಂಗಳಕ್ಕೆ ತಗಡಿನ ಗಾಲಿ ಬಂದ್ರೆ ನಮ್ಮಜ್ಜ ಫೋಟೋದಿಂದ ಇಳಿದು ಹೊರಟುಹೋಗ್ತಾರೆ ಸ್ವಾಮಿ,” ಎಂದ. ಮರದ ಗಾಲಿಗಳಿಂದಲೇ ನಮ್ಮ ಮನೆಗೆ ಹೆಸರು ಬಂದದ್ದು. ಅವನು ಹೇಳಿದ್ದು ನನಗೂ ಸರಿಯೆನಿಸಿತು.

ಈ ಸಲದ ಬಿಸಿಲು ಮಾತ್ರ ಕೆಟ್ಟದ್ದು. ಕಳೆದ ವಾರ ಅಂಗಳದಲ್ಲಿ ಮೋಟಾರು ತಿರುಗಿಸುವಾಗ ಹಿಂದಿನ ಗಾಲಿಗಳು ಕಿರುಗುಟ್ಟಿದವು. ನಡುವಿನ ಗುಂಬದಿಂದ ಅಂಚಿಗೆ ಹೋಗುವ ಮರದ ಅರಗಳು ಒಣಗಿ ಕುಗ್ಗಿದ್ದವು. ಅದಕ್ಕೆ ನಮ್ಮಲ್ಲಿ ತಲೆತಲಾಂತರದಿಂದ ಒಂದೇ ಮದ್ದು. ಗಾಲಿ ಬಿಚ್ಚಿ ಕಲ್ಲಿನ ತೊಟ್ಟಿಯ ನೀರಿನಲ್ಲಿ ಮುಳುಗಿಸಿಡುವುದು. ಮರ ನೀರು ಕುಡಿದು ಉಬ್ಬಿ, ಅಲ್ಲಾಡದಂತೆ ಕಚ್ಚಿಕೊಳ್ಳುತ್ತದೆ. ಹಾಗೆಯೇ ಮಾಡಿದ. ನಮ್ಮ ಡಾಕ್ಟರು ಬೇರೆಲ್ಲೋ ಕೊಂಡ ಮೋಟಾರಿನ ಗಾಲಿಗಳಿಗೂ ಅದೇ ಕಾಯಿಲೆ. ಅವನ್ನು ನಮ್ಮವಕ್ಕಿಂತ ನಾಲ್ಕು ದಿನ ಮೊದಲೇ ನೆನೆಹಾಕಿ ಬಿಗಿಮಾಡಿ ಕಳಿಸಿದ್ದ. ನಮ್ಮವನ್ನು ನಿನ್ನೆ ತೆಗೆದು ಗಾಡಿಗೆ ತೊಡಿಸಿದರು. ಕಲ್ಲಿನ ಹಾಗೆ ಗಟ್ಟಿಯಾಗಿದ್ದವು, ನಾನೇ ಕೈಯಿಟ್ಟು ಅಲ್ಲಾಡಿಸಿ ನೋಡಿದೆ. ಸಂಜೆ ಹೊತ್ತಿಗೆ ಗಾಳಿಯಾಡತೊಡಗಿದಾಗ ಅವುಗಳಿಂದ ಟಿಕ್ ಟಿಕ್ ಎಂದು ಸದ್ದು ಬರತೊಡಗಿತು. ಮುಟ್ಟಿದವರಿಲ್ಲ, ಉರುಳಿಸಿದವರಿಲ್ಲ. ಕರೆದು ಕೇಳಿಸಿದರೆ, “ಮರ ಮಾತಾಡುತ್ತಮ್ಮ, ಬಿಡು,” ಎಂದ. ನಿಜ, ಮರ ಮಾತಾಡುತ್ತದೆ. ಆದರೆ ಆ ಕಾಲದ ಗಾಡಿ ದಾರಿಯುದ್ದಕ್ಕೂ ಹಳ್ಳಕ್ಕಿಳಿದು ದಾಟುತ್ತಿತ್ತು, ಗಾಲಿ ಮತ್ತೆ ಮತ್ತೆ ನೀರು ಕುಡಿಯುತ್ತಿತ್ತು. ಈಗ ಎಲ್ಲ ಹಳ್ಳಕ್ಕೂ ಸೇತುವೆ ಕಟ್ಟಿದ್ದಾರೆ.

ಇರಲಿ. ವಯಸ್ಸಾದವಳಿಗೆ ಹಗಲಿಗೊಂದು ಯೋಚನೆ. ಪುಟ್ಟಿಗೆ ಗಾಳಿ ತಗಲದಂತೆ ಕಿವಿಗೆ ಬಟ್ಟೆ ಕಟ್ಟು. ಕನ್ನಡಿ ಇರುವ ಪೆಟ್ಟಿಗೆಯನ್ನು ಕಾಲಬುಡದಲ್ಲಿಡು. ಬೆಟ್ಟ ಇಳಿಯುವಾಗ ಅವನೊಡನೆ ಮಾತಾಡಬೇಡ. ನಿನಗೆ ನಗು ಬಂದರೂ ಅವನನ್ನು ನಗಿಸಬೇಡ. ಬೀಗಿತ್ತಿಗೆ ನನ್ನ ನಮಸ್ಕಾರ ತಿಳಿಸು. ಪುಟ್ಟಿಯ ಕೆನ್ನೆಗೆ ನನ್ನ ಲೆಕ್ಕದ ಮುತ್ತನ್ನು ನೀನೇ ಕೊಡು, ನಾನು ಕೊಟ್ಟರೆ ಒರೆಸಿಕೊಳ್ಳುತ್ತಾಳೆ. ನಿಮ್ಮೆಲ್ಲರಿಗೂ ಆಯಸ್ಸು ಆರೋಗ್ಯ ತುಂಬಿರಲಿ.

ಇತಿ,
ನಿನ್ನ ಅತ್ತೆ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಡಾಕ್ಟರ ಮೋಟಾರನ್ನು ಕುದುರೆಗಳಿಗೆ ಕಟ್ಟಿ ಅಂಗಳಕ್ಕೆ ಎಳೆದು ತಂದರು. ನಮ್ಮ ತೊಟ್ಟಿಯಲ್ಲಿ ನೆನೆದ ಗಾಲಿ. ಮೊದಮೊದಲು ಚೆನ್ನಾಗಿಯೇ ಓಡಿತ್ತಂತೆ. ಇವತ್ತು ಕೆರೆ ಏರಿಯ ಇಳಿಜಾರಿನಲ್ಲಿ, ಬ್ರೇಕು ಹಿಡಿದ ಕೂಡಲೇ, ಹಿಂದಿನ ಒಂದು ಗಾಲಿಯ ಅರಗಳೆಲ್ಲ ಗುಂಬದಿಂದ ಕಿತ್ತು ಬಂದವಂತೆ. ಡಾಕ್ಟರ ಕೈ ಮುರಿದಿದೆ, ಜೀವಕ್ಕೆ ಅಪಾಯವಿಲ್ಲ. ಉಳಿದ ಗಾಲಿಗಳನ್ನು ನಾನೇ ಹಿಡಿದು ನೋಡಿದೆ, ಅರಗಳು ಬೆರಳಿಗೇ ಅಲ್ಲಾಡುತ್ತವೆ. ಉಬ್ಬಿದ ಮರ ಒಣಗಿದಾಗ ಮೊದಲಿಗಿಂತ ಹೆಚ್ಚು ಕುಗ್ಗಿದೆ. ನಮ್ಮದರಲ್ಲಿ ಇನ್ನೂ ನೀರಿನ ಪಸೆಯಿದೆ, ಅವನೊಬ್ಬನೇ ಇದ್ದಾನೆ, ದಾರಿ ಏರಿನದು. ನಿಮ್ಮವರೆಗೆ ಬಂದು ಮುಟ್ಟುತ್ತಾನೆ. ಮುಟ್ಟಲೇಬೇಕು. ಅಲ್ಲಿ ಎರಡು ದಿನ ಬಿಸಿಲಿಗೆ ನಿಂತ ಮೇಲೆ ಆ ಮೋಟಾರು ಬೆಟ್ಟ ಇಳಿಯಕೂಡದು. ನಿಮ್ಮೂರಿನ ಅಂಚೆಮನೆಗೆ ತಂತಿ ಕಳಿಸುವ ಸೌಕರ್ಯವಿಲ್ಲ, ಈ ಕಾಗದ ಸಂಜೆಯ ರೈಲಿಗೆ ಹೋದರೆ ಅವನಿಗಿಂತ ಮೊದಲೇ ನಿನ್ನ ಕೈಸೇರುತ್ತದೆ.

ನೀನು ಹತ್ತಬೇಡ. ಪುಟ್ಟಿಯನ್ನು ಹತ್ತಿಸಬೇಡ. ಅವನನ್ನೂ ಹತ್ತಲು ಬಿಡಬೇಡ. ಮೂವರೂ ರೈಲಿನಲ್ಲಿ ಬನ್ನಿ. ಅವನು ಗಾಲಿಗೆ ಒದ್ದು, ಗಟ್ಟಿಯಾಗಿದೆ ನೋಡು ಎನ್ನುತ್ತಾನೆ. ವಾದಕ್ಕೆ ನಿಲ್ಲಬೇಡ. ಮೋಟಾರಿನ ಮೂತಿಗೆ ಸಿಕ್ಕಿಸಿ ತಿರುಗಿಸುವ ಕಬ್ಬಿಣದ ಹ್ಯಾಂಡಲು ಸೀಟಿನ ಕೆಳಗಿರುತ್ತದೆ, ಅದಿಲ್ಲದೆ ಎಂಜಿನ್ನು ಏಳುವುದಿಲ್ಲ. ಅವನು ಸ್ನಾನಕ್ಕೆ ಹೋದಾಗ ತೆಗೆದು ಬಾವಿಗೆ ಹಾಕು. ಯಾರು ಹೇಳಿದರು ಎಂದರೆ ಅತ್ತೆ ಎನ್ನು. ಯಾಕೆ ಎಂದರೆ ಅತ್ತೆಗೆ ಹೆದರಿಕೆಯಾಗಿದೆ ಎನ್ನು. ನಂಬುವುದಿಲ್ಲ. ಆಗ ಈ ಹಾಳೆಯನ್ನು ಕೈಗೆ ಕೊಡು, ನನ್ನ ಅಕ್ಷರ ಹೇಗಾಗಿದೆ ನೋಡಲಿ.