ಹೊರಡುವಾಗ ನೀವು ಕೊಟ್ಟ ಮೇಣದಬತ್ತಿ

ವೆಂಡೆಲಿನ್ ಅಜ್ಜನಿಗೆ,

ಕೆಳಗಿನ ಹೆಸರು ನೋಡಿದ ಕೂಡಲೇ ಕಾಗದ ಹರಿದುಹಾಕಬೇಡಿ. ನಾನು ಕೆರೆಕೆಶ್ ಆಂಬ್ರುಶ್, ನಿಮ್ಮ ಮನೆಗೆ ಬಂದು ಕೂತವನು. ನಿಮ್ಮ ವಿಳಾಸ ಕೊಟ್ಟದ್ದು ನಿಮ್ಮ ಜನರಲ್ಲಿ ಇಲ್ಲೇ ಉಳಿದುಕೊಂಡ ಗಿರಣಿಯ ಲೀನಾ ಅತ್ತೆ. ಜರ್ಮನಿಯಲ್ಲಿ ಯಾರದೋ ಮನೆಯ ಅಟ್ಟದ ಕೋಣೆಯಲ್ಲಿ ನಿಮ್ಮನ್ನೂ ಕಾತಿ ಅಜ್ಜಿಯನ್ನೂ ಇಟ್ಟಿದ್ದಾರಂತೆ. ಆ ಮನೆಯವರು ನಿಮ್ಮನ್ನು ಹಂಗೇರಿಯವರೇ ಎಂದು ಕರೆಯುತ್ತಾರಂತೆ. ಇಲ್ಲಿ ಹಂಗೇರಿಯಲ್ಲಿದ್ದಾಗ ನಾವು ನಿಮ್ಮನ್ನು ಜರ್ಮನರೇ ಎನ್ನುತ್ತಿದ್ದೆವು.

ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಕ್ಟೋಬರಿನಲ್ಲಿ ನಮ್ಮ ಕೂಸು ಹೋಯಿತು. ಹೆತ್ತವಳು ವೆರೋನ ಉಳಿದಳು, ಆದರೆ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ನೀವು ಕೊಟ್ಟ ಮೇಣದಬತ್ತಿಯನ್ನು ನಾನು ಎಸೆದದ್ದರಿಂದಲೇ ಇಷ್ಟೆಲ್ಲ ಆಯಿತು. ಯಾಕೆ ಎಸೆದೆ ಎಂದು ನಿಮಗಾದರೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ಊರಿನಲ್ಲಿ ಹೇಳಿಕೊಳ್ಳೋಣ ಎಂದರೆ ಕೇಳುವವರಿಲ್ಲ.

ನಾವು ಬಂದ ದಿನ ನಿಮಗೆ ನೆನಪಿರಬೇಕು. ಒಂದು ಹಸು, ಎರಡು ಮೂಟೆ ಬಟ್ಟೆ, ಕೈಯಲ್ಲಿ ಸರ್ಕಾರದ ಚೀಟಿ. ನಿಮ್ಮನ್ನು ಹಿಂದಿನ ಕೋಣೆಗೆ ಕಳಿಸಿ, ಮುಂದಿನ ಎರಡು ಕೋಣೆ ನಮಗೆ ಬಿಡಿಸಿಕೊಟ್ಟರು. ಒಲೆ ಒಂದೇ. ವೆರೋನ ಮೊದಲ ದಿನ ಮೆಕ್ಕೆಜೋಳದ ಹಿಟ್ಟು ಕಲಸಿ ಮುದ್ದೆ ತಿರುವುವಾಗ ಕಾತಿ ಅಜ್ಜಿ ಬಾಗಿಲಿಗೆ ಒರಗಿ ನೋಡುತ್ತಿದ್ದರು. "ಇದನ್ನ ನಾವು ಬಾತುಕೋಳಿಗೆ ಹಾಕ್ತೀವಲ್ಲೇ ಹುಡುಗಿ," ಎಂದರು. ವೆರೋನ ತಲೆ ಎತ್ತದೆ, "ಅದಕ್ಕೇ ನಿಮ್ಮ ಬಾತುಕೋಳಿ ನಿಮಗಿಂತ ದಪ್ಪಗಿವೆ ಅಜ್ಜಿ," ಎಂದಳು. ನೀವು ಹಿಂದಿನ ಕೋಣೆಯಲ್ಲಿ ನಕ್ಕದ್ದು ನನಗೆ ಕೇಳಿಸಿತು. ನಾನು ಮಾತ್ರ ನಗಲಿಲ್ಲ. ಈ ಮನೆಯಲ್ಲಿ ನಕ್ಕರೆ ನಾನು ಅತಿಥಿಯಾಗಿಬಿಡುತ್ತೇನೆ, ಯಜಮಾನನಾಗುವುದಿಲ್ಲ ಎಂಬ ಭಯ ನನಗೆ.

ಹದಿನಾಲ್ಕು ತಿಂಗಳು ಒಂದೇ ಸೂರಿನಡಿ ಇದ್ದೆವು. ನೀವು ದ್ರಾಕ್ಷಿ ಬಳ್ಳಿ ಸವರುವಾಗ ನಾನು ಬೇಲಿಯಾಚೆ ನಿಂತು ಕದ್ದು ನೋಡುತ್ತಿದ್ದೆ. ಬಾಯಿಬಿಟ್ಟು ಕೇಳಲಿಲ್ಲ. ನಾವು ಹುಟ್ಟಿ ಬೆಳೆದ ಬುಕೊವಿನಾದಲ್ಲಿ ನಮ್ಮದು ಹಸು, ಜೋಳ, ಆಲೂಗಡ್ಡೆಯ ಬದುಕು. ಪೀಪಾಯಿ ಎಂದರೆ ನಮಗೆ ಎಲೆಕೋಸಿಗೆ ಉಪ್ಪು ಹಾಕಿ ಹುಳಿಯಿಡುವ ಪಾತ್ರೆ, ಅಷ್ಟೇ.

ವೆರೋನ ಮೊದಲಿನಿಂದಲೂ ಈ ಮನೆಗೆ ಮನಸ್ಸು ಕೊಡಲಿಲ್ಲ. ಯುದ್ಧದ ನಡುವೆ ಸರ್ಕಾರ ನಮ್ಮನ್ನು ಅಲ್ಲಿಂದ ಬಾಚ್ಕಾ ಸೀಮೆಗೆ ಕರೆತಂದು, ಓಡಿಸಿದ ಸರ್ಬರ ಮನೆಗಳ ಕೀಲಿ ಕೊಟ್ಟಿದ್ದರು. ಮೂರೇ ವರ್ಷ. ಯುದ್ಧ ಅಲ್ಲಿಗೂ ಬಂತೆಂದು ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲು ಬಿಟ್ಟು ಗಾಡಿ ಹತ್ತಿದೆವು. ಇಲ್ಲಿ ನಾನು ಗೋಡೆಗೆ ಸುಣ್ಣ ಬಳಿಯಲು ಹೋದರೆ, "ಯಾರ ಗೋಡೆಗೆ ಬಳೀತಿದೀಯ?" ಎಂದು ಕೇಳುತ್ತಿದ್ದಳು. ಅವಳ ಬಾಯಿಂದ 'ನಮ್ಮ ಮನೆ' ಎನ್ನಿಸಬೇಕು, ಅದೊಂದೇ ನನ್ನ ಹಟ.

ಜರ್ಮನರು ದೇಶ ಬಿಡಬೇಕು ಎಂಬ ಆಜ್ಞೆಯಾಗಿ, ನಿಮ್ಮನ್ನು ರೈಲಿಗೆ ಕರೆದೊಯ್ಯುವ ಗಾಡಿ ಬಂದ ದಿನ ನೀವು ಗಂಟು ಕಟ್ಟುವುದು ಬಿಟ್ಟು ನನ್ನನ್ನು ನೆಲಮಾಳಿಗೆಯ ಬಾಗಿಲಿಗೆ ಕರೆದಿರಿ. ಜೇಬಿನಿಂದ ಅರ್ಧ ಉರಿದ ಮೇಣದಬತ್ತಿ ತೆಗೆದು ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಿಸಿದಿರಿ. "ಇಟ್ಕೋ ಮಗಾ. ಬೇಕಾಗುತ್ತೆ," ಎಂದಿರಿ. ಇನ್ನೂ ಏನೋ ಹೇಳಲು ಹೊರಟಿದ್ದಿರಿ.

ಅಜ್ಜ, ನಮ್ಮಲ್ಲಿ ಮೇಣದಬತ್ತಿಯನ್ನು ಕೈಯಲ್ಲಿಟ್ಟು ಬೆರಳು ಮಡಿಸುವುದು ಸಾಯುವವರಿಗೆ ಮಾತ್ರ. ನನ್ನ ಅಪ್ಪನ ಕೈಯಲ್ಲಿ ಹಾಗೆ ಇಟ್ಟದ್ದು ನಾನೇ. ನೀವು ನನ್ನ ಸಾವು ಬಯಸಿ ಹೋಗುತ್ತಿದ್ದೀರಿ ಎಂದುಕೊಂಡೆ. ನಿಮ್ಮ ಮನೆಯಲ್ಲಿ ನಿಂತಿದ್ದವನಿಗೆ ಬೇರೇನು ತೋಚೀತು? ಅದನ್ನು ಸಗಣಿಯ ಗುಂಡಿಗೆ ಎಸೆದೆ. "ನೀನೇ ಇಟ್ಕೋ ಮುದುಕಾ, ನಿನಗೇ ಮೊದಲು ಬೇಕಾಗುತ್ತೆ," ಎಂದೆ. ನೀವು ನನ್ನ ಮುಖ ನೋಡಿದಿರಿ. ಪೊಲೀಸಿನವನು ಕೂಗಿದ. ಹೋದಿರಿ.

ನೀವು ಹೋದ ಮೊದಲ ವರ್ಷ ದ್ರಾಕ್ಷಿಯನ್ನು ಹಕ್ಕಿಗಳು ತಿಂದವು. ಈ ವರ್ಷ ವೆರೋನ ಬಸುರಿ. ಕೂಸಿನ ನಾಮಕರಣಕ್ಕೆ ನಮ್ಮದೇ ವೈನು ಇರಬೇಕು ಎಂದು ಹೊರಟೆ. ಕಿತ್ತೆ, ತುಳಿದೆ, ನೆಲಮಾಳಿಗೆಯಲ್ಲಿದ್ದ ನಿಮ್ಮ ಎರಡು ದೊಡ್ಡ ಪೀಪಾಯಿ ತುಂಬಿಸಿದೆ. ನಾಲ್ಕನೆಯ ದಿನ ರಸ ಹುದುಗು ಬಂದು ಕುದಿಯುತ್ತ ಜೇನುಗೂಡಿನ ಹಾಗೆ ಗುಂಯ್‌ಗುಡತೊಡಗಿತು. ವೆರೋನಳನ್ನು ಕರೆತಂದು ಮೇಲಿನ ಮೆಟ್ಟಿಲಲ್ಲಿ ನಿಲ್ಲಿಸಿ ಕೇಳಿಸಿದೆ. ಅವತ್ತು ಅವಳ ಮುಖದಲ್ಲಿ ಸ್ವಲ್ಪ ನಗು ಇತ್ತು.

ಮರುದಿನ ಮಧ್ಯಾಹ್ನದ ಗಂಟೆ ಹೊಡೆಯುವ ಮುಂಚೆ ಒಬ್ಬನೇ ಇಳಿದೆ. ಕೊನೆಯಿಂದ ಮೂರನೆಯ ಮೆಟ್ಟಿಲಲ್ಲಿ ಮಂಡಿ ಕುಸಿಯಿತು. ಆಮೇಲೆ ನನಗೇನೂ ಗೊತ್ತಿಲ್ಲ. ಊಟಕ್ಕೆ ಕರೆಯಲು ಬಂದ ವೆರೋನ ನಾನು ಜಾರಿಬಿದ್ದಿದ್ದೇನೆ ಎಂದುಕೊಂಡು ಇಳಿದಿದ್ದಾಳೆ. ಏಳು ತಿಂಗಳ ಹೊಟ್ಟೆ ಹೊತ್ತು, ಕಂಕುಳಿಗೆ ಕೈಹಾಕಿ, ಒಂದೊಂದೇ ಮೆಟ್ಟಿಲು ನನ್ನನ್ನು ಮೇಲಕ್ಕೆ ಎಳೆದಿದ್ದಾಳೆ. ಅಂಗಳದಲ್ಲಿ ಕಣ್ಣು ಬಿಟ್ಟಾಗ ಅವಳು ನನ್ನ ಪಕ್ಕದಲ್ಲಿ ಕೂತು ವಾಂತಿ ಮಾಡುತ್ತಿದ್ದಳು.

ಆ ಸಂಜೆಯೇ ನೋವು ಶುರುವಾಯಿತು. ಸೂಲಗಿತ್ತಿಯಾಗಿ ಬಂದದ್ದು ಲೀನಾ ಅತ್ತೆ. ಹೆಣ್ಣು ಕೂಸು. ಉಸಿರು ಹೋಗುವ ಮುಂಚೆ, ಪಾದ್ರಿಗೆ ಕಾಯದೆ, ಅತ್ತೆಯೇ ತಲೆಗೆ ನೀರು ಹಾಕಿ ಹೆಸರಿಟ್ಟರು. ಆಮೇಲೆ ಕೈ ತೊಳೆಯುತ್ತ ನನ್ನನ್ನು ಕೇಳಿದರು: "ಮೋಂಬತ್ತಿ ಹಿಡ್ಕೊಂಡು ಇಳೀಲಿಲ್ವೇನೋ? ರಸ ಕುದಿಯೋವಾಗ ದೀಪ ಮುಂದೆ, ಮನುಷ್ಯ ಹಿಂದೆ. ದೀಪ ಆರ್ತೋ, ಅಲ್ಲಿ ಉಸಿರಿಗೆ ಗಾಳಿಯಿಲ್ಲ ಅಂತ, ವಾಪಸ್ ಬರ್ಬೇಕು. ನಮ್ಮ ಊರಲ್ಲಿ ಐದು ವರ್ಷದ ಮಕ್ಕಳಿಗೂ ಗೊತ್ತು. ವೆಂಡೆಲಿನ್ ಹೇಳ್ಲಿಲ್ವಾ?"

ಹೇಳಿದರು ಎಂದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ವೆರೋನಳಿಗೆ ಎಲ್ಲ ಕೇಳಿಸಿತು. ನಾನು ಆ ಮೇಣದಬತ್ತಿ ಎಸೆದಾಗ ಅವಳೂ ಅಂಗಳದಲ್ಲಿ ನಿಂತಿದ್ದಳು.

ವೈನು ಆಗಿದೆಯಂತೆ. ಬೀದಿಯವರು ಬಂದು ರುಚಿ ನೋಡಿ ಚೆನ್ನಾಗಿದೆ ಎಂದರು. ನಾನು ಮುಟ್ಟಿಲ್ಲ.

ಹೋದ ವಾರ ಭೂದಾಖಲೆಯ ಗುಮಾಸ್ತ ಬಂದಿದ್ದ, ಮನೆಯನ್ನು ನಮ್ಮ ಹೆಸರಿಗೆ ಬರೆಯಲು. ಗಂಡ ಹೆಂಡತಿ ಇಬ್ಬರ ಸಹಿಯೂ ಬೇಕು. ಹಿಂದೆ ಎರಡು ಸಲ ಅವನು ಬಂದಾಗ ವೆರೋನ ಹಿತ್ತಿಲಿನಿಂದ ಹೊರಟು ಹೋಗಿದ್ದಳು. ಈ ಸಲ ತಾನಾಗಿಯೇ ಬಂದು ಕೂತಳು. ಬೇಡ ಎನ್ನುವುದಾದರೆ ಈಗಲೇ ಹೇಳಿ ಎಂದು ಗುಮಾಸ್ತ ಅವಳಿಗೆ ಹೇಳಿದ. ಅವಳು ಅವನನ್ನೇ ನೋಡಿಕೊಂಡು ಹೇಳಿದಳು: "ಬರ್ಕೊಳ್ಳಿ. ಮಗು ಇಲ್ಲಿ ಮಣ್ಣಲ್ಲಿದೆ. ಇನ್ನು ಯಾರು ಓಡಿಸಿದ್ರೂ ನಾನು ಹೋಗೋಕಾಗಲ್ಲ." ಸಹಿ ಹಾಕಿ, ಎದ್ದು, ಹಸುವಿನ ಹಾಲು ಕರೆಯಲು ಹೋದಳು.

ಹೀಗೆ ಮನೆ ನಮ್ಮದಾಯಿತು ಅಜ್ಜ. ಕ್ಷಮಿಸಿ ಎಂದು ಕೇಳಲು ಬಾಯಿ ಬರುವುದಿಲ್ಲ. ಕ್ಷಮಿಸಿದರೂ ಅದನ್ನು ಇಟ್ಟುಕೊಳ್ಳಲು ನನ್ನಲ್ಲಿ ಜಾಗವಿಲ್ಲ. ಕಾತಿ ಅಜ್ಜಿಯ ಕೆಮ್ಮು ಕಡಿಮೆಯಾಗಲಿ. ನಿಮ್ಮ ಮೇಲೆ ಇರುವ ಸೂರು ಯಾರದೇ ಆಗಿರಲಿ, ಈ ಚಳಿಗಾಲ ಅದು ಸೋರದಿರಲಿ.

ನಿಮ್ಮ ಮನೆಯಿಂದ,
ಆಂಬ್ರುಶ್